ಸೀಟಿಲ್ಲ ಎಂದ ಮಂಗಳವಾರ

ಗಿರಿಜಮ್ಮ ಮೇಡಂ ಮನೆಯಿಂದ ಹೊರಡುತ್ತಿದ್ದುದೇ ರಾಹುಕಾಲದಲ್ಲಿ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಗಂಡಸರು ಕಟ್ಟುವಂಥ ದೊಡ್ಡ ವಾಚು. ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲ ಎಷ್ಟೊತ್ತಿಗೆಂದು ನೋಡಿಕೊಂಡು, ಸರಿಯಾಗಿ ಆ ಹೊತ್ತಿಗೆ ಚಪ್ಪಲಿ ಮೆಟ್ಟುತ್ತಿದ್ದರು. ಯಾಕೆ ಮೇಡಂ ಅಂದರೆ, “ಆವಾಗ ಬಸ್ಸು ಖಾಲಿ ಇರ್ತದೆ ಕಣ್ಲಾ, ಕಿಟಕಿ ಪಕ್ಕ ಸೀಟು ಸಿಗ್ತದೆ” ಎನ್ನುತ್ತಿದ್ದರು.

ಕೊಳಾಲದ ಹೈಸ್ಕೂಲಿನಲ್ಲಿ ನಮಗೆ ಭೂಗೋಳ ಹೇಳಿಕೊಟ್ಟವರು ಅವರು. ನಕಾಶೆಯನ್ನು ಮೇಜಿನ ಮೇಲೆ ಹಾಸಿ, ಅಮೆರಿಕದ ಕೆಳಗಿನ ನೀಲಿಯಲ್ಲಿ ಹುರಿದ ಕಡಲೆಬೀಜ ಜೋಡಿಸಿ, ಇವೇ ಕೆರಿಬಿಯನ್ ದ್ವೀಪಗಳು ಎನ್ನುತ್ತಿದ್ದರು. ಹೆಸರು ಸರಿಯಾಗಿ ಹೇಳಿದವರಿಗೆ ಆ ದ್ವೀಪ ತಿನ್ನಲು ಸಿಗುತ್ತಿತ್ತು. ನಾನು ಜಮೈಕಾ ಬಿಟ್ಟು ಬೇರೇನನ್ನೂ ತಿಂದವನಲ್ಲ. ಅಷ್ಟೆಲ್ಲ ಪಾಠ ಮಾಡಿದ ಮೇಡಂ ಸ್ವತಃ ಸಮುದ್ರವನ್ನೇ ಕಂಡಿರಲಿಲ್ಲ. ಮದುವೆಯಾಗಲಿಲ್ಲ, ತಮ್ಮ ತಂಗಿಯರನ್ನು ದಡ ಸೇರಿಸುವಷ್ಟರಲ್ಲಿ ನಿವೃತ್ತಿಯೂ ಬಂತು.

ಆಮೇಲೆ ಮಧುಗಿರಿಯಲ್ಲಿ ಬಂದು ನೆಲೆಸಿದರು. ಬಸ್ ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಅಂಗಡಿ. ಜೆರಾಕ್ಸು, ಬಸ್ಸಿನ ಟಿಕೆಟ್ಟು, ರೈಲಿನದು, ಅಪರೂಪಕ್ಕೆ ವಿಮಾನದ್ದು. ಒಂದು ಬೆಳಿಗ್ಗೆ ಮೇಡಂ ಬಂದು ಸ್ಟೂಲಿನ ಮೇಲೆ ಕೂತು, ತಾನು ಕೆರಿಬಿಯನ್ನಿಗೆ ಹೋಗುತ್ತಿದ್ದೇನೆ ಅಂದರು. ಬೆಂಗಳೂರಿನ ನಿವೃತ್ತ ಮೇಷ್ಟ್ರುಗಳ ತಂಡವೊಂದು ಹಡಗಿನ ಟಿಕೆಟ್ ಮಾಡಿಸಿತ್ತು. ವೀಸಾ ಬಂದಿತ್ತು. ಮಿಯಾಮಿಯ ಬಂದರಿನಿಂದ ಹಡಗು ಗುರುವಾರ ಸಂಜೆ ನಾಲ್ಕಕ್ಕೆ ಹೊರಡುವುದು. ಅಲ್ಲಿವರೆಗಿನ ವಿಮಾನ ಮಾತ್ರ ಅವರವರ ಪಾಡು.

ಹುಡುಕಿದೆ. ದರ ನೋಡಿ ನನಗೇ ಎದೆ ಧಸಕ್ಕೆಂದಿತು. ಹಡಗಿನ ಕಾಲ ಅಂತ ಎಲ್ಲ ಸೀಟೂ ತುಂಬಿದ್ದವು, ಉಳಿದವಕ್ಕೆ ಬೆಂಕಿಯ ರೇಟು. ಕೈಗೆಟುಕುವಂತಿದ್ದದ್ದು ಮಂಗಳವಾರದ ಒಂದೇ ವಿಮಾನ. ಅದರಲ್ಲಿ ಹೋದರೆ ಬುಧವಾರವೇ ಮಿಯಾಮಿ, ಒಂದು ದಿನ ಕೈಯಲ್ಲಿ ಉಳಿಯುತ್ತಿತ್ತು. ಆದರೆ ಅವತ್ತು ಅಮಾವಾಸ್ಯೆ. ಮಂಗಳವಾರದ ಅಮಾವಾಸ್ಯೆ! ಬರೀ ಮಂಗಳವಾರ ಅಂದರೇ ನಮ್ಮ ಕಡೆ ಹೆಣ್ಣುಮಗಳನ್ನು ತವರಿನಿಂದ ಕಳಿಸುವುದಿಲ್ಲ; ಅಂಥದ್ದರಲ್ಲಿ ಅರವತ್ತೆಂಟರ ನಮ್ಮ ಮೇಡಮ್ಮನ್ನು, ಒಬ್ಬರನ್ನೇ, ಸಮುದ್ರದಾಚೆಗೆ ನಾನು ನನ್ನ ಕೈಯಾರೆ ಕಳಿಸಲೇ?

ದಿನ ಚೆನ್ನಾಗಿಲ್ಲ ಅಂದಿದ್ದರೆ ಅವರು ನಕ್ಕುಬಿಡುತ್ತಿದ್ದರು, ಅದನ್ನೇ ಮಾಡೋ ಅನ್ನುತ್ತಿದ್ದರು. ಅದು ಗೊತ್ತಿದ್ದೇ ಸ್ಕ್ರೀನನ್ನು ನನ್ನ ಕಡೆಗೆ ತಿರುಗಿಸಿಕೊಂಡು, “ಮಂಗಳವಾರ ಸೀಟಿಲ್ಲ ಮೇಡಂ” ಅಂದೆ. ಬುಧವಾರ ಹೊರಟು ಗುರುವಾರ ಬೆಳಿಗ್ಗೆ ತಲುಪುವ, ಹೆಚ್ಚುಕಮ್ಮಿ ಒಂದೂವರೆ ಪಟ್ಟು ದರದ ಟಿಕೆಟ್ ತೋರಿಸಿದೆ. ಅವರು ಚೌಕಾಸಿ ಮಾಡಲಿಲ್ಲ. “ಇದ್ರಲ್ಲೇ ಮಾಡ್ಬುಡು, ನೀನು ನೋಡಿದ್ರೆ ಆಯ್ತು” ಅಂದರು. ಅವತ್ತು ಮನೆಗೆ ಹೋಗಿ ಹೆಂಡತಿಗೆ, ಮೇಡಮ್ಮನ್ನು ಒಂದು ಗಂಡಾಂತರದಿಂದ ಪಾರು ಮಾಡಿದೆ ಎಂದು ಹೇಳಿಕೊಂಡೆ. ಎಂಥಾ ದಡ್ಡ ನಾನು.

ಬುಧವಾರ ನಡುದಾರಿಯಲ್ಲಿ ವಿಮಾನ ಬದಲಿಸುವ ಕಡೆ ಅವರು ಹತ್ತಬೇಕಿದ್ದ ವಿಮಾನ ಕೆಟ್ಟು ನಿಂತಿತು. ಮೇಡಂ ಬಂದರಿಗೆ ಹೋಗುವಷ್ಟರಲ್ಲಿ ಗುರುವಾರ ಕತ್ತಲಾಗಿತ್ತು; ತಂಡದವರನ್ನು ಹತ್ತಿಸಿಕೊಂಡು ಹಡಗು ಹೋಗಿಯಾಗಿತ್ತು. ಮುಂದಿನ ದ್ವೀಪಕ್ಕೆ ಹಾರಿ ಅಲ್ಲಿ ಹತ್ತಬಹುದಿತ್ತಂತೆ, ಆ ವಿಮಾನದ ದರ ಕೇಳಿ ಸುಮ್ಮನಾದರಂತೆ. ವಾಪಸು ಟಿಕೆಟಿನ ದಿನ ಬರುವವರೆಗೆ ಏಳು ದಿನ ಒಂದು ಸಣ್ಣ ಹೋಟೆಲಿನಲ್ಲಿ ಇದ್ದು, ದಿನಾ ಹೋಗಿ ದಂಡೆಯ ಮೇಲೆ ಕೂತು ಬಂದರು.

ಬಂದವರೇ ನೇರ ನನ್ನ ಅಂಗಡಿಗೆ ಬಂದರು. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಲ್ಲಿಂದ ತಂದ ಒಂದು ಕಪ್ಪೆಚಿಪ್ಪನ್ನು ಮೇಜಿನ ಮೇಲಿಟ್ಟು, ನೀರು ನಕಾಶೆಯಲ್ಲಿ ಇರೋದಕ್ಕಿಂತ ಹಸಿರು ಕಣೋ ಅಂದರು. ದಿನಾ ಸಂಜೆ ಒಂದೊಂದು ಹಡಗು ಹೊರಡುವುದನ್ನು ಎಣಿಸಿದೆ ಅಂದರು. ನಾನು ಕ್ಷಮಿಸಿ ಅಂದೆ. ಯಾತಕ್ಕೆ ಎಂದು ಅವರು ಕೇಳಿದಾಗ ಹೇಳಿಬಿಡಬೇಕಿತ್ತು. ಯಾರೋ ಜೆರಾಕ್ಸಿಗೆ ಬಂದರು, ನಾನು ಎದ್ದುಹೋದೆ.

ಮುಂದೆ ಎರಡು ವರ್ಷ ಹಾಗೆಯೇ ಎದ್ದುಹೋಗುತ್ತಿದ್ದೆ. ಅವರು ರಸ್ತೆ ದಾಟಿ ಬರುವುದು ಕಂಡರೆ ಫೋನು ಕಿವಿಗೆ ಹಿಡಿಯುತ್ತಿದ್ದೆ.

ಮೇಡಂ ಹಾಸಿಗೆ ಹಿಡಿದಿದ್ದಾರೆಂದು ತಿಳಿದು ನೋಡಲು ಹೋದೆ. ಇವತ್ತು ಹೇಳಿಯೇ ತೀರುತ್ತೇನೆ ಅಂತಲೇ ಹೋದದ್ದು. ಕೈ ಎತ್ತಲಾಗದೆ ಮಲಗಿದ್ದರು, ಬುದ್ಧಿ ಮಾತ್ರ ಚುರುಕು. ಪಕ್ಕದಲ್ಲಿ ಕೂತಿದ್ದ ಅವರ ತಂಗಿ ನನ್ನನ್ನು ಕಂಡವರೇ, ಒಂದು ದಿನ ಮುಂಚೆ ಕಳಿಸಿದ್ದರೆ ಅಕ್ಕ ಹಡಗು ಹತ್ತುತ್ತಿದ್ದಳು ಅಂದರು. ಈಗಲೇ, ಅಂದುಕೊಂಡೆ.

ಮೇಡಂ ತಂಗಿಯ ಕಡೆಗೆ ಕಣ್ಣು ತಿರುಗಿಸಿ ನಿಧಾನವಾಗಿ ಅಂದರು: “ಅವನ್ನ ಯಾಕೆ ಅಂತೀಯೆ? ಸೀಟಿದ್ದಿದ್ರೆ ನನ್ ಹುಡ್ಗ ನಂಗೆ ಇಲ್ಲ ಅಂತಿದ್ನಾ?” ಆಮೇಲೆ ನನ್ನ ಕಡೆಗೆ, “ಹೌದೇನ್ಲಾ?”

“ಹೌದು ಮೇಡಂ” ಅಂದೆ.

ಮೂರನೇ ದಿನ ಹೋದರು. ಅವರ ಜೊತೆ ನಾನಾಡಿದ ಕಡೆಯ ಮಾತೂ ಸುಳ್ಳೇ.