ಭಾರ ಹಾಕಲು ಕಲಿತ ಇರುವೆಯಕ್ಕ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಒಂಬತ್ತನೇ ಹಾಸಿಗೆಗೂ ಗೋಡೆಗೂ ನಡುವೆ ನಿಂತ ಹೆಂಗಸೊಬ್ಬರು ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದಾರೆ. ಹಾಸಿಗೆಯಲ್ಲಿರುವ ಲಾರಿ ಚಾಲಕರ ತೂಕ ನೂರಾ ಹನ್ನೆರಡು ಕಿಲೊ. ಇವರದು ನಲವತ್ತೊಂಬತ್ತು.

“ಗೋಡೆ ಕಡೆ ತಿರುಗೋಣ ಸಾರ್. ನೀವೇನೂ ಮಾಡ್ಬೇಡಿ, ನಿಧಾನವಾಗಿ ಉಸಿರು ಬಿಡಿ ಸಾಕು.”

ಚಾಲಕರಿಗೆ ನಂಬಿಕೆ ಬರುವುದಿಲ್ಲ. “ಇನ್ನಿಬ್ಬರನ್ನ ಕರೀರಿ ಅಕ್ಕ. ನಾನು ಆಕಡೆ ಈಕಡೆ ಆದ್ರೆ ನೀವು ಕಾಗದ ಆಗೋಗ್ತೀರ.”

ಸಿಸ್ಟರ್ ಬಂದು ಪ್ಲಾಸ್ಟರ್ ಹಾಕಿದ ಕಾಲನ್ನಷ್ಟೇ ಹಿಡಿದುಕೊಳ್ಳುತ್ತಾರೆ. ಇವರ ಒಂದು ಕೈ ಚಾಲಕರ ಭುಜದ ಹಿಂದೆ ಹೋಗುತ್ತದೆ, ಇನ್ನೊಂದು ಸೊಂಟದ ಹಿಂದೆ. ಎದೆಯನ್ನು ಹತ್ತಿರ ತಂದು, ಮೊಣಕಾಲು ಬಗ್ಗಿಸಿ, ತಾವೇ ಹಿಂದಕ್ಕೆ ಒರಗುತ್ತಾರೆ. ಎಳೆದಂತೆ ಕಾಣುವುದೇ ಇಲ್ಲ. ಚಾಲಕರು ಕಣ್ಣು ಬಿಡುವಷ್ಟರಲ್ಲಿ ಗೋಡೆ ಎದುರಿಗಿದೆ. ಬೆನ್ನ ಹಿಂದೆ ದಿಂಬು ಸೇರಿಸುತ್ತ ಇವರು ನಗುತ್ತಾರೆ: “ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಅಂತಾರೆ. ನಮ್ಮ ವಾರ್ಡಲ್ಲಿ ಎರಡೂ ಇರುವೆಗೇ.”

ಅದಕ್ಕೇ ಎಲ್ಲರ ಬಾಯಲ್ಲೂ ಇವರು ಇರುವೆಯಕ್ಕ. ವಯಸ್ಸು ನಲವತ್ತೇಳು. ಈ ವಾರ್ಡಿನಲ್ಲಿ ಆಯಾ ಆಗಿ ಹದಿನೆಂಟು ವರ್ಷ. ಇಪ್ಪತ್ತೆಂಟು ಹಾಸಿಗೆ, ಇವತ್ತು ಅದರಲ್ಲಿ ಹದಿಮೂರು ಮಂದಿಗೆ ತಾವಾಗಿ ಮಗ್ಗಲು ಬದಲಿಸಲಾಗದು. ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಒಂದು ಪಾಳಿಗೆ ಐವತ್ತೆರಡು ಸಲ ಹೊರಳಿಸುವ ಕೆಲಸ. ಪಾಳಿ ಮುಗಿದ ಮೇಲೆ, ವಾರಕ್ಕೆ ಮೂರು ಸಂಜೆ, ಸೈಕಲ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಬ್ರೆಜಿಲಿಯನ್ ಜಿಯು-ಜಿಟ್ಸು. ಅಂದರೆ ನೆಲದ ಮೇಲೆ ಹಿಡಿದು ಹೊರಳಾಡುವ ಕುಸ್ತಿ.

“ಹಗಲೆಲ್ಲ ಊರವರನ್ನ ಹೊರಳಿಸ್ತಾಳೆ, ಸಾಲದು ಅಂತ ಸಂಜೆ ಹೋಗಿ ತಾನೂ ಹೊರಳಾಡ್ತಾಳೆ,” ಎನ್ನುತ್ತಾರೆ ಗಂಡ. ಅವರು ಸೋಫಾಗಳಿಗೆ ಬಟ್ಟೆ ಹೊದಿಸುವವರು. ಹೆಂಡತಿಯ ಅಭ್ಯಾಸದ ಅಂಗಿಯ ಕಾಲರ್ ಹರಿದಾಗಲೆಲ್ಲ ಸೋಫಾದ ದಪ್ಪ ದಾರದಲ್ಲೇ ಹೊಲಿದುಕೊಡುತ್ತಾರೆ. “ನನ್ನ ಹೊಲಿಗೆ ಒಮ್ಮೆಯೂ ಬಿಟ್ಟಿಲ್ಲ. ಪಕ್ಕದ ಬಟ್ಟೆ ಹರಿದಿದೆ, ಅದು ಬೇರೆ ಮಾತು.”

ಶುರುವಾದದ್ದು ನೋವಿನಿಂದ. ನಾಲ್ಕು ವರ್ಷದ ಹಿಂದೆ ಭಾರಿ ಮೈಕಟ್ಟಿನ ರೋಗಿಯೊಬ್ಬರು ಆಪರೇಷನ್ ಆದಮೇಲೆ ಮೊದಲ ಸಲ ಎದ್ದು ನಿಂತವರು ತಲೆಸುತ್ತಿ ಇವರ ಮೇಲೆಯೇ ಕುಸಿದರು. ರೋಗಿಗೆ ಏನೂ ಆಗಲಿಲ್ಲ. ಅಡಿಯಲ್ಲಿ ಸಿಕ್ಕಿದ ಇವರ ಭುಜದೆಲುಬು ಮುರಿಯಿತು. ಜನ ಬಂದು ಎತ್ತುವವರೆಗೆ ಹಾಸಿಗೆಗೂ ಗೋಡೆಗೂ ನಡುವೆ ಉಸಿರು ಸಿಗದೆ ಬಿದ್ದಿದ್ದರು. ಎಲುಬು ಎರಡು ತಿಂಗಳಲ್ಲಿ ಕೂಡಿಕೊಂಡಿತು. ಭಯದ ಬಿರುಕು ಕೂಡಿಕೊಳ್ಳಲಿಲ್ಲ, ಹಾಗೇ ತೆರೆದುಕೊಂಡೇ ಇತ್ತು. “ದಪ್ಪ ಮೈಯೋರ ಹತ್ತಿರ ಹೋದ್ರೆ ಕೈ ನಡುಗೋದು. ರೋಗಿಗೆ ಅದು ಗೊತ್ತಾಗುತ್ತೆ ನೋಡಿ. ಹೊರಳಿಸೋರೇ ನಡುಗಿದ್ರೆ ಅವರೇನು ಮಾಡ್ಬೇಕು ಪಾಪ?”

ವಾರ್ಡು ಬಿಟ್ಟು ಬಟ್ಟೆ ಕೋಣೆಗೆ ಹಾಕಿ ಎಂದು ಅರ್ಜಿ ಬರೆದರು. ಅಲ್ಲಿ ಹಾಸಿಗೆ ಬಟ್ಟೆ ಮಡಚಿ ಜೋಡಿಸುವ ಕೆಲಸ, ಯಾರನ್ನೂ ಮುಟ್ಟಬೇಕಿಲ್ಲ. ಅಲ್ಲಿದ್ದವರ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. “ಜಾಗ ಖಾಲಿಯಾದಾಗ ನಿನಗೇ,” ಎಂದು ಮೇಟ್ರನ್ ಅರ್ಜಿಯನ್ನು ಇಟ್ಟುಕೊಂಡರು.

ಭುಜಕ್ಕೆ ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋ ಮೇಡಂಗೆ ಇದು ತಿಳಿಯಿತು. ಸಂಜೆ ಹೊತ್ತು ಜಿಯು-ಜಿಟ್ಸು ಹೇಳಿಕೊಡುವವರೂ ಅವರೇ. “ಭಾರದ ಅಡಿಯಲ್ಲಿ ಸಿಕ್ಕಿಕೊಂಡಾಗ ಉಸಿರಾಡೋದು ಹೇಗೆ ಅಂತ ಕಲೀರಿ, ಆಮೇಲೆ ಬಟ್ಟೆ ಕೋಣೆಗೆ ಹೋಗೋರಂತೆ,” ಎಂದು ಕರೆದರು.

ಅಡಿಯಲ್ಲಿರುವುದನ್ನು ಇರುವೆಯಕ್ಕ ಆರೇ ತಿಂಗಳಲ್ಲಿ ಕಲಿತರು. ಮೇಲಿರುವುದೇ ಬರಲಿಲ್ಲ. ಅವರನ್ನು ಗೋಳು ಹೊಯ್ದುಕೊಂಡದ್ದು ಹಾಫ್ ಗಾರ್ಡ್ ಎಂಬ ಪಟ್ಟು. ಕೆಳಗೆ ಮಲಗಿದವರು ಮೇಲಿನವರ ಒಂದು ಕಾಲನ್ನು ತಮ್ಮ ಎರಡೂ ಕಾಲುಗಳ ನಡುವೆ ಕತ್ತರಿಯಂತೆ ಸಿಕ್ಕಿಸಿಕೊಳ್ಳುತ್ತಾರೆ. ಮೇಲಿನವರು ಆ ಕಾಲು ಬಿಡಿಸಿಕೊಂಡು ಪಕ್ಕಕ್ಕೆ ದಾಟಬೇಕು. ಎಲ್ಲ ಹೊಸಬರ ಹಾಗೆ ಇವರೂ ಕಾಲನ್ನೇ ಎಳೆದರು. ಎಳೆದಷ್ಟೂ ಬಿಗಿಯಾಯಿತು. ಎಳೆಯುವ ಭರದಲ್ಲಿ ಮೈ ಹಗುರಾಗಿ, ಕೆಳಗಿನವರೇ ಮೇಲೆ ಬಂದರು.

“ಕಾಲಿನ ಆಸೆ ಬಿಡಿ,” ಎಂದು ಮೇಡಂ ದಿನವೂ ಹೇಳುತ್ತಿದ್ದರು. ಒಂದು ಕೈ ಎದುರಾಳಿಯ ಕಂಕುಳಡಿ, ಇನ್ನೊಂದು ಕತ್ತಿನ ಹಿಂದೆ. ತಮ್ಮ ಭುಜವನ್ನು ಅವರ ದವಡೆಗೆ ಒರಗಿಸಿ ಅವರ ಮುಖವನ್ನು ಆಚೆ ತಿರುಗಿಸಬೇಕು. ಮುಖ ಆಚೆ ಹೋದರೆ ಮೈ ಈಚೆ ತಿರುಗದು. ಎದೆಯ ಭಾರವನ್ನೆಲ್ಲ ಇಳಿಸಿದ ಮೇಲೆಯೇ ಮೊದಲು ಮೊಣಕಾಲು, ಕೊನೆಗೆ ಪಾದ ಬಿಡಿಸಿಕೊಳ್ಳಬೇಕು. ಪಾಠ ಇರುವೆಯಕ್ಕನಿಗೆ ಬಾಯಿಪಾಠವಾಗಿತ್ತು. ಭಾರ ಇಳಿಸುವ ಹೊತ್ತಿಗೆ ಮಾತ್ರ ಮೈ ತಾನಾಗಿ ಮೇಲೇಳುತ್ತಿತ್ತು.

ಅಭ್ಯಾಸದಲ್ಲಿ ಅವರ ಜೋಡಿ ಬೇಕರಿಯಲ್ಲಿ ಹಿಟ್ಟು ನಾದುವಾಕೆ, ಎಂಬತ್ತು ಕಿಲೊ ತೂಗುವ ಹಸನ್ಮುಖಿ. “ಅಕ್ಕ ನನ್ನ ಮೇಲೆ ಕೂತ್ರೆ ಗಾಜಿನ ಲೋಟ ಇಟ್ಟ ಹಾಗಿರ್ತಿತ್ತು. ಭಾರ ಹಾಕಿ ಅಂದ್ರೆ, ‘ನೋವಾಯ್ತಾ?’ ಅಂತ ಕೇಳೋರು.”

“ಮನುಷ್ಯರ ಮೇಲೆ ಭಾರ ಹಾಕಬಾರದು ಅಂತಲೇ ಅಷ್ಟು ವರ್ಷ ಕೆಲಸ ಮಾಡಿದ್ದು,” ಎನ್ನುತ್ತಾರೆ ಇರುವೆಯಕ್ಕ. “ಅದೂ ಅಲ್ಲದೆ, ಅಡಿಯಲ್ಲಿ ಬಿದ್ದಾಗ ಹೇಗಿರುತ್ತೆ ಅಂತ ನನಗೆ ಗೊತ್ತಲ್ಲ. ಇನ್ನೊಬ್ಬರಿಗೆ ಹೇಗೆ ಕೊಡ್ಲಿ?” ಹೀಗೇ ಸುಮಾರು ಒಂದೂವರೆ ವರ್ಷ ಕಳೆಯಿತು. ಬಟ್ಟೆ ಕೋಣೆಯ ಜಾಗ ಖಾಲಿಯಾಗಲು ಮೂರೇ ವಾರ ಉಳಿಯಿತು.

ಆ ದಿನಗಳಲ್ಲೇ ವಾರ್ಡಿಗೆ ತೊಡೆ ಮೂಳೆ ಮುರಿದ ಒಬ್ಬ ಅಜ್ಜಿ ಬಂದರು. ಹಿಡಿಯಷ್ಟು ಮೈ. ಹೊರಳಿಸಲು ಹೋದರೆ ಹೆದರಿ ನಡುಗುತ್ತ ಮಂಚದ ಕಂಬಿಯನ್ನು ಅವುಚಿಕೊಳ್ಳುತ್ತಿದ್ದರು. ಇರುವೆಯಕ್ಕ ಹೂವು ಮುಟ್ಟುವಂತೆ ಮುಟ್ಟಿದರೂ ಅಜ್ಜಿಯ ನಡುಕ ನಿಲ್ಲಲಿಲ್ಲ. ಮೂರನೇ ದಿನ ಮಧ್ಯಾಹ್ನ ಅಜ್ಜಿಯೇ ರೇಗಿದರು: “ಏನೇ ಮಗಳೇ, ಹೀಗೆ ಮುಟ್ಟಿಯೂ ಮುಟ್ಟದ ಹಾಗೆ ಹಿಡೀತೀಯ? ಎಲ್ಲಿ ಬಿಟ್ಟುಬಿಡ್ತೀಯೋ ಅಂತ ಜೀವ ಹೋಗುತ್ತೆ. ಗಟ್ಟಿಯಾಗಿ ಹಿಡಿ.”

ಇರುವೆಯಕ್ಕ ಎರಡೂ ತೋಳು ಹಾಕಿ, ಎದೆಯನ್ನು ಅಜ್ಜಿಯ ಭುಜಕ್ಕೆ ಒರಗಿಸಿ ಹಿಡಿದರು. ಅಜ್ಜಿಯ ನಡುಕ ಮೆಲ್ಲಗೆ ಇಳಿಯಿತು. ಬೆರಳುಗಳು ಒಂದೊಂದಾಗಿ ಕಂಬಿಯನ್ನು ಬಿಟ್ಟವು. ಮಗ್ಗಲಾದ ಮೇಲೆ ಅಜ್ಜಿ, “ಇನ್ನೂ ಸ್ವಲ್ಪ ಹಾಗೇ ಇರು,” ಎಂದರಂತೆ.

ಆ ಸಂಜೆ ಹಾಲ್‌ನಲ್ಲಿ ಬೇಕರಿಯಾಕೆ ಎಂದಿನಂತೆ ಕಾಲು ಸಿಕ್ಕಿಸಿದಳು. ಇರುವೆಯಕ್ಕ ಕಾಲು ಎಳೆಯಲಿಲ್ಲ. ಕಂಕುಳಡಿ ಕೈ ತೂರಿಸಿ, ಕತ್ತು ಬಳಸಿ, ಎದೆ ಇಳಿಸಿದರು. ಕೆಳಗಿದ್ದವಳ ಉಸಿರು ಹುಸ್ಸೆಂದಿತು. ಅಕ್ಕ ಮೇಲೇಳಲಿಲ್ಲ, ನೋವಾಯ್ತಾ ಎಂದು ಕೇಳಲೂ ಇಲ್ಲ. ಸಿಕ್ಕಿಕೊಳ್ಳದ ಇನ್ನೊಂದು ಪಾದದಿಂದ ಅವಳ ತೊಡೆಯನ್ನು ತಳ್ಳುತ್ತ ಮೊಣಕಾಲು ಹೊರತೆಗೆದರು. ಆಮೇಲೆ ಹಿಮ್ಮಡಿ, ಪಾದ. ಪಕ್ಕಕ್ಕೆ ದಾಟಿದ್ದಾಗಿತ್ತು. ಕೆಳಗಿನಿಂದ ಬೇಕರಿಯಾಕೆ, “ಅಂತೂ ಬಂದ್ರಲ್ಲ ಅಕ್ಕ,” ಎಂದು ನಕ್ಕಳು. ಅಕ್ಕ ಅವಳ ಭುಜದ ಮೇಲೆ ಮುಖವಿಟ್ಟು ಅತ್ತರು. ಸುತ್ತಿನ ಸಮಯ ಎಣಿಸುತ್ತಿದ್ದ ಗಡಿಯಾರವನ್ನು ಮೇಡಂ ನಿಲ್ಲಿಸಿದರು.

ಮರುದಿನ ಮೇಟ್ರನ್ ಕೋಣೆಗೆ ಹೋಗಿ ಅರ್ಜಿ ವಾಪಸ್ ಕೇಳಿದರು. “ಯಾಕೆ ಅಂತ ಕೇಳಿದ್ರು. ‘ಕೈ ನಡುಗೋದು ನಿಂತಿದೆ ಮೇಡಂ’ ಅಂದೆ. ಅವರು ನನ್ನ ಎರಡೂ ಕೈ ಹಿಡ್ಕೊಂಡು ನೋಡಿದ್ರು. ಅಷ್ಟೇ.” ಬಟ್ಟೆ ಕೋಣೆಗೆ ಬೇರೆಯವರು ಬಂದರು.

ಈಗ ಹೊಸದಾಗಿ ಕೆಲಸಕ್ಕೆ ಸೇರುವ ಆಯಾಗಳನ್ನು ಮೊದಲ ವಾರ ಇವರ ಜೊತೆಗೇ ಹಾಕುತ್ತಾರೆ. ಇವರು ಅವರನ್ನು ಮೊದಲು ಖಾಲಿ ಹಾಸಿಗೆಯಲ್ಲಿ ಮಲಗಿಸಿ ತಾವೇ ಹೊರಳಿಸುತ್ತಾರೆ. ಒಮ್ಮೆ ಹಗುರವಾಗಿ, ಒಮ್ಮೆ ಗಟ್ಟಿಯಾಗಿ. “ಯಾವುದು ಹಿತವಾಯ್ತು ಅಂತ ಅವರೇ ಹೇಳ್ಲಿ. ನಾನು ಹೇಳಿದ್ರೆ ಉಪದೇಶ ಆಗುತ್ತೆ.”

ಜಿಯು-ಜಿಟ್ಸುವಿನ ದರ್ಜೆ ತೋರಿಸುವ ಸೊಂಟದ ಪಟ್ಟಿ ಬಿಳಿಯಿಂದ ನೀಲಿಗೆ ಬಂದಿದೆ. ಮುಂದಿನ ಬಣ್ಣ ಯಾವಾಗ ಎಂದು ಕೇಳುತ್ತೇನೆ. ಇರುವೆಯಕ್ಕ ಕೈ ಬೀಸಿ ಆ ಮಾತನ್ನು ಅತ್ತ ತಳ್ಳುತ್ತಾರೆ. ಹೇಳಿಕೊಳ್ಳುವಂಥದ್ದು ಬೇರೆ ಇದೆ, ಆದರೆ ಹೇಳಲು ನಾಚಿಕೆ. ಹೊರಡುವ ಮುನ್ನ, ಹಾಸಿಗೆ ಬಟ್ಟೆಯ ಸುಕ್ಕು ಬಿಡಿಸುತ್ತ, ನನ್ನ ಕಡೆ ನೋಡದೆ ಹೇಳುತ್ತಾರೆ:

“ಮೊನ್ನೆ ಇಪ್ಪತ್ತನೇ ಹಾಸಿಗೆಯ ಯಜಮಾನರು ನಿದ್ದೆಯಿಂದ ಎದ್ದು, ‘ಯಾಕಮ್ಮ, ಇವತ್ತು ನನ್ನ ಹೊರಳಿಸೋಕೆ ಮರೆತ್ರಾ?’ ಅಂದ್ರು. ಹೊರಳಿಸಿ ಆಗ್ಲೇ ಅರ್ಧ ಗಂಟೆ ಆಗಿತ್ತು.”