ಹಡಗಿನ ಮೇಲಿನ ಮಡಿ

ಮಳೆಗಾಲ ಹಿಡಿದ ಮೇಲೆ ಅಂಗಳದಲ್ಲಿ ತಾಮ್ರದ ಕೊಡ ಇಟ್ಟು ಮಳೆನೀರು ಹಿಡಿಯುವುದು ಮಾಳಮಡ್ಡಿಯ ನಮ್ಮ ಮನೆಯ ಪದ್ಧತಿ. ಆ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುತ್ತದೆ, ಅದನ್ನು ಕುಡಿದವರ ಬುದ್ಧಿಯೂ ತಿಳಿಯಾಗುತ್ತದೆ ಎಂಬುದು ನನ್ನ ದೃಢವಿಶ್ವಾಸ. ಬೇಳೆಯ ಮಾತು ಅನುಭವಸಿದ್ಧ. ಬುದ್ಧಿಯ ಮಾತನ್ನು, ನನ್ನನ್ನೇ ಉದಾಹರಣೆಯಾಗಿಟ್ಟುಕೊಂಡು, ನನ್ನ ಹೆಂಡತಿ ತಳ್ಳಿಹಾಕುತ್ತಾಳೆ.

ಈ ಸಲ ಕೊಡ ಇಟ್ಟು ಬರುವಾಗ ತಂಗಿಯ ಮಗಳು ಸುಮಾ ಕಟ್ಟೆಯ ಮೇಲೆ ಕೂತಿದ್ದಳು. ನಡುಸಮುದ್ರದಲ್ಲಿ ಬೀಳುವ ಮಳೆ ಮತ್ತು ಹಿಮದಲ್ಲಿ ಎಷ್ಟು ಕಬ್ಬಿಣ, ಎಷ್ಟು ತಾಮ್ರ, ಎಷ್ಟು ಸೀಸ ಇದೆಯೆಂದು ಪತ್ತೆಹಚ್ಚುವುದು ಆಕೆಯ ಉದ್ಯೋಗ. ಮಳೆನೀರಿನಷ್ಟು ಶುದ್ಧವಾದದ್ದು ಲೋಕದಲ್ಲೇ ಇಲ್ಲವೆಂದು ನಾನು ಪೀಠಿಕೆ ಹಾಕಿದೆ. ಶುದ್ಧವೋ ಅಲ್ಲವೋ ಆಮೇಲೆ ನೋಡೋಣ, ತಾಮ್ರವನ್ನಂತೂ ನೀವೇ ಬೆರೆಸಿದಿರಿ ಎಂದು ಆಕೆ ನಕ್ಕಳು. ಮರುಭೂಮಿಯ ಧೂಳು, ಊರುಗಳ ಹೊಗೆ ಎಲ್ಲವೂ ಗಾಳಿಯನ್ನೇರಿ ಸಾಗರದ ಮೇಲೆ ಹೋಗಿ ಹನಿಗಳೊಂದಿಗೆ ಇಳಿಯುತ್ತವಂತೆ. ಅದರೊಳಗಿನ ಕಣದಷ್ಟು ಕಬ್ಬಿಣವೇ ಕಣ್ಣಿಗೆ ಕಾಣದ ಕಡಲಸಸ್ಯಗಳಿಗೆ ಆಹಾರವಂತೆ. ದುರ್ಗದಬೈಲ ಪೇಟೆಯ ಧೂಳಿಗೂ ಇಂಥದೊಂದು ಸದ್ಗತಿ ಇದ್ದೀತೆಂದು ನನಗೆ ಹೆಮ್ಮೆಯಾಯಿತು.

ಆದರೆ ಸುಮಾ ಬಂದದ್ದು ನನಗೆ ಪಾಠ ಹೇಳಲಿಕ್ಕಲ್ಲ. ಮದುವೆಯಾದ ಮೇಲೆ ಇದು ಆಕೆಯ ಮೊದಲ ಸಮುದ್ರಯಾನ. ಹಿಡಿದ ನೀರಿಗೆ ಬೆರೆತೀತೆಂದು, ನೀರು ಹಿಡಿಯುವವರ ಮೈಮೇಲೆ ಲೋಹದ ಚೂರೂ ಇರಕೂಡದೆಂಬುದು ಹಡಗಿನ ಕಟ್ಟುನಿಟ್ಟು. ಕಾಲುಂಗುರವೇನೋ ಬೂಟಿನೊಳಗೆ ಅಡಗೀತು. ತಾಳಿ, ಬಳೆ ತೆಗೆಯಲೇಬೇಕು. ಸೊಸೆ ಬರಿಗೊರಳಲ್ಲಿ ಕಡಲಿಗೆ ಹೋಗುವುದೆಂದರೆ ಆಕೆಯ ಅತ್ತೆ ಕಮಲಾಬಾಯಿ ಊಟ ಬಿಡುವಷ್ಟು ನೊಂದಿದ್ದರು. "ಹೋಗೂದಂತೂ ಹೋಗ್ತೀನಿ ಮಾಮಾ. ಆದ್ರ ಅವರು ಅಳಕೋತ ಕಳಸಬಾರದು," ಎಂದಳು ಸುಮಾ.

ಅತ್ತೆಯನ್ನು ಒಪ್ಪಿಸುವ ಇಂಥ ಕಾರ್ಯಕ್ಕೆ ನನಗಿಂತ ಯೋಗ್ಯರು ಯಾರು? ಆಯುಷ್ಯವೆಲ್ಲ ಕಾಲೇಜಿನಲ್ಲಿ ಇತಿಹಾಸ ಹೇಳಿದವನು ನಾನು. ಗೋಕುಲ ರಸ್ತೆಯ ಅವರ ಮನೆಯಲ್ಲಿ ಚಹಾ ಮುಗಿಯುವ ಮೊದಲೇ, ತಾಳಿ ಎಂಬ ಆಭರಣ ಕಾಲಾಂತರದಲ್ಲಿ ಬಂದದ್ದೆಂದು ಸಪ್ರಮಾಣವಾಗಿ ಪ್ರತಿಪಾದಿಸತೊಡಗಿದೆ. ಕಮಲಾಬಾಯಿಯವರ ಮುಖ ಬಿಗಿಯುತ್ತ ಹೋಯಿತು. ಇನ್ನೊಂದು ಶತಮಾನ ಹಿಂದಕ್ಕೆ ಹೋಗಿದ್ದರೆ ನನ್ನ ಚಹಾದ ಕಪ್ಪು-ಬಶಿಯೂ ಒಳಗೆ ಹೋಗುತ್ತಿತ್ತು. ಸುಮಾ ನನ್ನನ್ನು ತಡೆದು ತನ್ನ ಕೆಲಸವನ್ನಷ್ಟೇ ವಿವರಿಸಿದಳು. ಬಾಟಲಿಗಳನ್ನು ಆಮ್ಲದಲ್ಲಿ ನೆನೆಸಿ, ತೊಳೆದು, ಚೀಲದೊಳಗೆ ಚೀಲ ಹಾಕಿ ಕಟ್ಟಿಡುತ್ತಾರೆ. ತಲೆಯಿಂದ ಕಾಲಿನವರೆಗೆ ಮುಚ್ಚುವ ನಿಲುವಂಗಿ ತೊಟ್ಟು ಇಬ್ಬರು ನಿಲ್ಲುತ್ತಾರೆ. ಒಬ್ಬರು ಹೊರಚೀಲವನ್ನು ಮಾತ್ರ ಮುಟ್ಟಬೇಕು, ಇನ್ನೊಬ್ಬರು ಒಳಗಿನ ಬಾಟಲಿಯನ್ನು ಮಾತ್ರ. ಅಪ್ಪಿತಪ್ಪಿ ಬೇರೇನಾದರೂ ಮುಟ್ಟಿದರೆ ಕೈಗವಸು ಕಳಚಿ ಹೊಸದು ಹಾಕಿಕೊಳ್ಳಬೇಕು.

ಕಮಲಾಬಾಯಿ ನೆಟ್ಟಗೆ ಕೂತರು. "ಹಂಗಂದ್ರ ಅಲ್ಲೆ ನಿಂದು ಮಡಿ ಅನ್ನು. ಇದನ್ನ ಮೊದಲ ಹೇಳಬಾರದೇನು?"

ಓದುಗರೇ, ಮಡಿ ಎಂದರೆ ನನಗೆ ಚಿಕ್ಕಂದಿನಿಂದಲೂ ಸಿಟ್ಟು. ಶಾಲೆಯಿಂದ ಬಂದ ಗೆಳೆಯನನ್ನು ಹೊಸ್ತಿಲಾಚೆಗೇ ನಿಲ್ಲಿಸಿದ ಮಡಿಯನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಆದರೆ ಸೀಸವನ್ನೂ ಸತುವನ್ನೂ ದೂರವಿಟ್ಟು ಯಾವ ಮನುಷ್ಯನನ್ನೂ ದೂರವಿಡದ ಮಡಿಯೊಂದು ಇರಲು ಸಾಧ್ಯವೆಂದು ಆ ಕ್ಷಣ ಹೊಳೆದು, ಬಹಳ ಸಂತೋಷವಾಯಿತು.

ಕಮಲಾಬಾಯಿ ದೇವರಕೋಣೆಗೆ ಹೋಗಿ, ಅರಿಶಿಣದ ಕೊಂಬೊಂದನ್ನು ಹತ್ತಿಯ ದಾರಕ್ಕೆ ಕಟ್ಟಿ ತಂದರು. ಬಂಗಾರ ಸಿಗದ ಮನೆಗಳಲ್ಲಿ ಹಿಂದೆ ಅದೇ ತಾಳಿ. ಇತಿಹಾಸ ಹೇಳಿದ ನನಗೆ ಅದು ನೆನಪಾಗಿರಲಿಲ್ಲ.

"ಇದರಾಗ ಕಬ್ಬಿಣಿಲ್ಲ, ತಾಮ್ರಿಲ್ಲ. ಛಲೋತ್ನ್ಯಾಗ ಹೋಗಿ ಬಾ," ಎಂದರು.

ನೆಲದಲ್ಲಿ ಬೆಳೆದ ಕೊಂಬಿನಲ್ಲಿ ಕಬ್ಬಿಣವಿಲ್ಲದೆ ಇರುತ್ತದೆಯೇ? ಎಲ್ಲಿ ಸುಮಾ ಸತ್ಯ ನುಡಿದುಬಿಡುತ್ತಾಳೋ ಎಂದು ನಾನು ಹೆದರಿ ಆಕೆಯ ಕಡೆ ನೋಡಿದೆ. ಹನಿಯಲ್ಲಿ ಅಡಗಿದ ಲೋಹವನ್ನು ಹುಡುಕಿ ತೆಗೆಯುವ ಆ ಹುಡುಗಿ ತನ್ನ ಕೈಯಾರೆ ಬಂಗಾರದ ತಾಳಿ ತೆಗೆದು ಅತ್ತೆಯ ಕೈಗಿಟ್ಟು, ಕೊರಳು ಬಗ್ಗಿಸಿದಳು.