ಸೊಟ್ಟ ಕಾಲಿನ ಹಳೆಯ ಪ್ರೊಸೆಸರ್

ನನ್ನ ಮೊಮ್ಮಗಳು ಕಂಪ್ಯೂಟರಿನಲ್ಲಿ ಸೀರೆಯ ಅಂಚು ಬರೆಯುತ್ತಾಳೆ. ಇದನ್ನು ಹೇಳದೆ ನಾನು ಯಾವ ಮಾತನ್ನೂ ಶುರು ಮಾಡಲಾರೆ. ಇಳಕಲ್ಲಿನ ನಮ್ಮ ಓಣಿಗೆ ಹಾಲು ತರುವವಳಿಗೂ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಗುರುತಿಲ್ಲದವರಿಗೂ ಹೇಳಿದ್ದೇನೆ. ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು. ಅವಳು ಕಾಲೇಜು ಕಲಿಯುತ್ತ, ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳಿಗೆ ಬಣ್ಣ ತುಂಬಿ, ಇಡೀ ಸೀರೆಯನ್ನು ನೂಲಿಲ್ಲದೆ ಹಾಸಿ ತೋರಿಸುತ್ತಾಳೆ. ಮೊದಲ ಸಲ ಅದನ್ನು ನೋಡಿದಾಗ ನಾನು ಪರದೆಯನ್ನು ಬೆರಳಿನಿಂದ ಮುಟ್ಟಿ, ರೇಷ್ಮೆ ಎಲ್ಲಿ ಎಂದು ಕೇಳಿದ್ದೆ. ಅವಳು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಅವಳು ಕೆಲಸ ಮಾಡುತ್ತಿದ್ದ ಆ ಕಂಪ್ಯೂಟರು ಅವಳ ಅವ್ವನದು. ಎಂದರೆ ನನ್ನ ಮಗಳದು. ಮಗಳು ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಖೋಲಿ ಹಿಡಿದು ಜನರ ಅರ್ಜಿ ತುಂಬಿಕೊಡುತ್ತಿದ್ದಳು. ಪಿಂಚಣಿ, ಪಹಣಿ, ಜಾತಿ ಪ್ರಮಾಣಪತ್ರ, ಪರೀಕ್ಷೆಯ ಫಾರ್ಮು. ಗುಡೂರಿನಿಂದ, ರಾಮಥಾಳದಿಂದ ಬಂದವರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು, ಯಾಕೆಂದರೆ ಓದಲು ಬಾರದವರನ್ನು ಅವಳು ಗದರಿಸುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅವಳಿಗೆ ಕಾಮಾಲೆ ಆಯಿತು. ದವಾಖಾನೆಯಲ್ಲಿ ಹದಿನೈದು ದಿನ ಇದ್ದಳು. ಹದಿನಾರನೇ ದಿನ ಅವಳನ್ನು ಮನೆಗೆ ತಂದೆವು, ನಡೆಸಿಕೊಂಡು ಅಲ್ಲ.

ಖೋಲಿ ಬಿಟ್ಟುಕೊಟ್ಟು ಕಂಪ್ಯೂಟರನ್ನು ನಮ್ಮ ಪಡಸಾಲೆಗೆ ತಂದೆವು. ಅಳಿಯ ಗ್ರಾನೈಟ್ ಲಾರಿ ಓಡಿಸುತ್ತಾನೆ, ವಾರಕ್ಕೊಮ್ಮೆ ಮನೆ ಕಾಣುತ್ತಾನೆ. ಹಾಗಾಗಿ ಮೊಮ್ಮಗಳು ನನ್ನೊಂದಿಗೇ ಇರುತ್ತಾಳೆ. ಒಮ್ಮೆ ಅವಳಿಗೆ ಹೇಳಿ ಆ ಮಷಿನ್ನಿನೊಳಗೆ ಏನೇನಿದೆ ಎಂದು ತೆಗೆಸಿ ನೋಡಿದೆ. ಮಗಳ ಒಂದು ಫೋಟೋ ಸಿಕ್ಕೀತೆಂಬ ಆಸೆ. ಊರ ಜನರ ಮುಖಗಳೆಲ್ಲ ಅದರಲ್ಲಿದ್ದವು, ಪಾಸ್‌ಪೋರ್ಟ್ ಅಳತೆಯಲ್ಲಿ, ಸಾಲಾಗಿ. ಅವಳದು ಮಾತ್ರ ಇರಲಿಲ್ಲ. ಅವಳು ಯಾವಾಗಲೂ ಪರದೆಯ ಈಚೆಗೇ ಕುಳಿತವಳಲ್ಲವೇ. ಆದರೂ ನನಗೆ ಆ ಡಬ್ಬಿಯೇ ಅವಳು ಅನ್ನಿಸುತ್ತಿತ್ತು. ಗುಂಡಿ ಒತ್ತಿದರೆ ಒಳಗಿನ ಫ್ಯಾನು ಸಣ್ಣಗೆ ಉಸಿರು ಬಿಡುತ್ತಿತ್ತು. ಅಷ್ಟು ಸಾಕಿತ್ತು.

ಕಳೆದ ಬೇಸಿಗೆಯಲ್ಲಿ ಅದು ಮುಗ್ಗರಿಸತೊಡಗಿತು. ಸೀರೆಯ ಚಿತ್ರ ತೆಗೆದರೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ಮೊಮ್ಮಗಳು ಹೇಳಿದಳು, ಇದರ ಪ್ರೊಸೆಸರ್ ಹಳತಾಯಿತು, ಎಲ್ಲ ಲೆಕ್ಕ ಮಾಡುವ ಚಿಪ್ಪು ಅದೇ, ಬದಲಿಸಬೇಕು ಎಂದು. ಅಳಿಯ ಹೊಸದನ್ನೇ ತಗೋ ಎಂದು ರೊಕ್ಕ ಕೊಟ್ಟು ಹೋಗಿದ್ದ. ಆದ್ದರಿಂದ ಇಲ್ಲಿ ರೊಕ್ಕದ ತಕರಾರು ಏನೂ ಇರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾವಿಬ್ಬರೂ ಡಬ್ಬಿಯನ್ನು ಹಳೆಯ ಕೌದಿಯಲ್ಲಿ ಸುತ್ತಿ, ಹುನಗುಂದದ ಮೇಲೆ ಹಾಯುವ ಬಸ್ಸು ಹತ್ತಿ ಬಾಗಲಕೋಟೆಗೆ ಹೋದೆವು. ಅದನ್ನು ನಾನೇ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕಂಡಕ್ಟರು, ಕೂಸು ಯಾರದು ಆಯಿ, ಟಿಕೀಟು ತೆಗೀಲೇನು ಎಂದು ಚಾಷ್ಟಿ ಮಾಡಿದ. ನನ್ನ ಮಗಳದು ಎಂದೆ. ಅವನು ನಕ್ಕ. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ.

ನವನಗರದ ಆ ಅಂಗಡಿಯವರು ನಡುವಯಸ್ಸಿನವರು, ಕುತ್ತಿಗೆಯಲ್ಲಿ ಲಿಂಗದ ಕರಡಿಗೆ, ಹಣೆಯಲ್ಲಿ ವಿಭೂತಿ. ಡಬ್ಬಿ ಬಿಚ್ಚಿ ನೋಡಿ ಎರಡು ದಾರಿ ಹೇಳಿದರು. ಒಂದು, ಹೊಸ ಪ್ರೊಸೆಸರ್. ಆದರೆ ಅದು ಈ ಹಳೆಯ ಬೋರ್ಡಿಗೆ ಕೂರುವುದಿಲ್ಲ. ಬೋರ್ಡು, ಮೆಮೊರಿ ಎಲ್ಲ ಹೊಸದು ಬೇಕು. ಎರಡು, ಇದೇ ಬೋರ್ಡಿಗೆ ಕೂರುವ ಹಳೆಯ ಕಾಲದ ಪ್ರೊಸೆಸರ್, ಈಗಿನದಕ್ಕಿಂತ ಒಂದಿಷ್ಟು ಜೋರಿನದು. ಅದು ಅಗ್ಗ, ಆದರೆ ಈಗ ಅದು ತಯಾರಾಗುವುದಿಲ್ಲ. ಯಾರೋ ಬಳಸಿ ಬಿಟ್ಟದ್ದು ತಮ್ಮ ಹತ್ತಿರ ಒಂದೇ ಒಂದು ಉಳಿದಿದೆ ಎಂದರು.

ನನಗೆ ಎರಡನೆಯದು ಕೇಳಿದ ಕೂಡಲೇ ಜೀವ ಬಂತು. ಅದಕ್ಕೆ ಕಾರಣ ನನ್ನ ಕಸುಬು. ನಮ್ಮ ಸೀರೆಯ ಒಡಲು ಬೇರೆ, ಸೆರಗು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಕೆಂಪು ರೇಷ್ಮೆಯ ಎಳೆಯನ್ನು ಕೊಂಡಿ ಹಾಕಿ ಸೇರಿಸಬೇಕು. ಹದಿನಾಲ್ಕನೇ ವಯಸ್ಸಿನಿಂದ ನಾನು ಆ ಕೊಂಡಿ ಹಾಕುತ್ತ ಬಂದವಳು. ಹೊಸ ಎಳೆ ಬಂತೆಂದು ಮೊದಲಿನ ಎಳೆಯನ್ನು ಕಿತ್ತು ಒಗೆಯುವುದಿಲ್ಲ, ಅದರ ತುದಿಗೇ ಸೇರಿಸುತ್ತೇವೆ. ಕಂಪ್ಯೂಟರೂ ಹಾಗೇ ಎಂದುಕೊಂಡೆ. ಮಗಳ ಮಷಿನ್ನಿಗೆ ಒಂದು ಕೊಂಡಿ ಹಾಕಿದರೆ ಮುಂದಕ್ಕೆ ಹರಿಯುತ್ತದೆ ಎಂದುಕೊಂಡೆ.

ಅಂಗಡಿಯವರು ನನಗೆ ಮೋಸ ಮಾಡಲಿಲ್ಲ. ಸ್ಪಷ್ಟವಾಗಿಯೇ ಹೇಳಿದರು.

"ನೋಡ್ರಿ ಅಮ್ಮಾರ, ಅರ್ಜಿ ತುಂಬಾಕ, ಲೆಟರ್ ಟೈಪ್ ಮಾಡಾಕ ಇದು ಇನ್ನೂ ನಾಕು ವರ್ಷ ಬರ್ತೈತಿ, ಖರೇನ ಹೇಳ್ತೇನಿ. ಆದ್ರ ಈ ಹುಡುಗಿ ಮಾಡೋದು ದೊಡ್ಡ ಚಿತ್ರದ ಕೆಲಸ. ಅದಕ್ಕ ಇದು ಒಗ್ಗೂದಿಲ್ಲ."

ಮೊಮ್ಮಗಳು ಅವರಿಗೆ ನನಗೆ ತಿಳಿಯದ ಎರಡು ಮೂರು ಪ್ರಶ್ನೆ ಕೇಳಿದಳು. ಅವರು ತಲೆ ಅಲ್ಲಾಡಿಸಿದರು. ನಾನು ಆ ಹೊತ್ತಿಗೆ, ಹೊಸದು ಹಾಕಿದರೆ ಇದರೊಳಗಿನದನ್ನೆಲ್ಲ ಏನು ಮಾಡುತ್ತೀರಿ ಎಂದು ಕೇಳಿದೆ. ಬೋರ್ಡು, ಚಿಪ್ಪು ಗುಜರಿಗೆ ಎಂದರು. ಗುಜರಿ ಎಂಬ ಮಾತಿಗೆ ನನ್ನ ಮುಖ ಏನಾಯಿತೋ. ಅವಳು ಒಮ್ಮೆ ನನ್ನ ಕಡೆ ನೋಡಿದಳು, ಆಮೇಲೆ ಅವರ ಕಡೆ ತಿರುಗಿದಳು.

"ಹಳೇದನ್ನ ಹಾಕ್ರಿ. ನಂಗ ಅಷ್ಟ ಸಾಕು."

ಆ ಹಳೆಯ ಪ್ರೊಸೆಸರನ್ನು ಅದರ ಪುಟ್ಟ ಪೆಟ್ಟಿಗೆಯಿಂದ ತೆಗೆದರೆ ಅದರ ಕೆಳಗಿನ ಬಂಗಾರದ ಬಣ್ಣದ ಸೂಜಿಗಾಲುಗಳಲ್ಲಿ ಒಂದು ಸಾಲು ಸೊಟ್ಟಗಾಗಿತ್ತು. ಅಂಗಡಿಯವರು, ನೇರ ಮಾಡಲು ಹೋದರೆ ಮುರಿಯುತ್ತವೆ, ತಮ್ಮ ಕೈ ನಡುಗುತ್ತದೆ ಎಂದರು. ಅದನ್ನು ನಾನು ಕೈಗೆ ಇಸಿದುಕೊಂಡೆ. ಮಗ್ಗದ ಹಣಿಗೆಯಲ್ಲಿ ಎಳೆ ಹಾಯುವ ಸಂದುಗಳು ಇದಕ್ಕಿಂತ ಒತ್ತಾಗಿರುತ್ತವೆ. ಅದರ ಕಡ್ಡಿ ಬಾಗಿದರೆ ಸರಿ ಮಾಡಿದ ಬೆರಳು ಇವು. ಚಷ್ಮಾ ಏರಿಸಿ, ಸೀರೆಯ ನಿರಿಗೆಗೆ ಚುಚ್ಚಿದ್ದ ಪಿನ್ನು ತೆಗೆದು, ಒಂದೊಂದೇ ಕಾಲನ್ನು ಎಬ್ಬಿಸಿ ನಿಲ್ಲಿಸಿದೆ. ಒಂದೂ ಮುರಿಯಲಿಲ್ಲ. ಅದನ್ನು ಕೂರಿಸಿ, ಬೂದಿ ಬಣ್ಣದ ಮುಲಾಮು ಹಚ್ಚಿ, ಫ್ಯಾನು ಬಿಗಿದು ಗುಂಡಿ ಒತ್ತಿದರೆ ಪರದೆ ಬೆಳಗಿತು.

"ಯಮ್ಮಾ, ನೀವ ಇಲ್ಲಿ ಕುಂದರ್ರಿ. ನಾ ಇಳಕಲ್ಲಿಗೆ ಹೋಗಿ ಸೀರಿ ನೇಯ್ತೇನಿ," ಅಂದರು ಅಂಗಡಿಯವರು.

ಅಷ್ಟು ಖುಷಿ ನನಗೆ ಮಗಳು ಹೋದ ಮೇಲೆ ಆಗಿರಲಿಲ್ಲ. ಬರುವಾಗ ಅಮೀನಗಡದಲ್ಲಿ ಕರದಂಟು ಕೊಂಡು, ಬಸ್ಸಿನಲ್ಲೇ ಅವಳ ಬಾಯಿಗೆ ತುರುಕಿದೆ. ಓಣಿಯಲ್ಲಿ ಎಲ್ಲರಿಗೂ ಹಂಚಿದೆ. ನಾನೇ ರಿಪೇರಿ ಮಾಡಿದೆ ಎಂದು ಹೇಳಿದೆ.

ಆಮೇಲೆ ಮೂರು ತಿಂಗಳು ಎಲ್ಲ ಚೆನ್ನಾಗಿದೆ ಎಂದೇ ತಿಳಿದಿದ್ದೆ. ಮೊಮ್ಮಗಳು ಕಂಪ್ಯೂಟರಿನ ಮುಂದೆ ಕೂತು ತೊಡೆಯ ಮೇಲೆ ಚೌಕದ ಗೆರೆಗಳ ಹಾಳೆ ಇಟ್ಟುಕೊಂಡು ಪೆನ್ಸಿಲ್ಲಿನಿಂದಲೂ ಅಂಚು ಬರೆಯುತ್ತಿದ್ದಳು. ಅದನ್ನೂ ನಾನು ಜಂಬದಿಂದ ಜನರಿಗೆ ಹೇಳಿದ್ದೇನೆ, ನಮ್ಮ ಹುಡುಗಿಗೆ ಕೈಯಿಂದಲೂ ಬರುತ್ತದೆ ಎಂದು.

ಅವಳಿಗೆ ಆಗ ಒಂದು ದೊಡ್ಡ ಕೆಲಸ ಸಿಗುವುದರಲ್ಲಿತ್ತು. ನಾವು ರೇಷ್ಮೆ ತರುವ ಸಾಹುಕಾರರು ಹೊಸ ನಮೂನೆಯ ಸೀರೆಗಳಿಗೆ ಅಂಚು, ಸೆರಗು ಎಲ್ಲವನ್ನೂ ಅವಳ ಕೈಯಲ್ಲೇ ಬರೆಸಬೇಕೆಂದು ನಮ್ಮ ಮನೆಗೆ ಬಂದು ನೋಡಿ ಹೋಗಿದ್ದರು. ಆ ದಿನ ನಾನು ಒಬ್ಬ ನೇಕಾರರ ಮನೆಯಲ್ಲಿ ಕೊಂಡಿ ಹಾಕಲು ಹೋಗಿದ್ದೆ. ಏನಾಯಿತು ಎಂದು ಕೇಳಿದರೆ, ಪರೀಕ್ಷೆ ಹತ್ತಿರ ಬಂದಿದೆ, ನಾನೇ ಬೇಡ ಅಂದೆ ಎಂದಳು. ಓದುವ ಹುಡುಗಿ, ಸರಿಯಾಗಿಯೇ ಮಾಡಿದಳು ಎಂದು ಅದನ್ನೂ ಮೆಚ್ಚಿಕೊಂಡೆ.

ಒಂದು ಬೆಳಿಗ್ಗೆ ಸೆರಗಿನ ರೇಷ್ಮೆ ತರಲು ಆ ಸಾಹುಕಾರರ ಮನೆಗೆ ಹೋದಾಗ ಅವರೇ ಮಾತು ತೆಗೆದರು.

"ನಿನ್ನ ಮೊಮ್ಮಗಳ ಕೈ ಬಂಗಾರೈತಿ ಬೇ. ಆದ್ರ ಆ ಮಷಿನ್ನು ಯಾಕ ಇಟಗೊಂಡೀರಿ? ಅಂಚಿನ ಬಣ್ಣ ಒಂದೀಟು ಬದಲಿ ಮಾಡಿ ತೋರ್ಸವಾ ಅಂದ್ನಿ. ಚಹಾ ಕುಡದ್ನಿ, ಎಲಿ ಅಡಕಿ ಹಾಕ್ಕೊಂಡ್ನಿ, ಪರದೆ ಮ್ಯಾಲ ಚಕ್ರ ಇನ್ನೂ ತಿರಗಾಕತ್ತಿತ್ತು. ಹುಡುಗಿ ಕಣ್ಣಾಗ ನೀರು ಬಂದೂವು. ನನಗ ದಿನಾ ಹತ್ತು ಸಲ ಬದಲಿ ಬೇಕು, ಏನ್ ಮಾಡ್ಲಿ? ಹುನಗುಂದದಾಗ ಒಬ್ಬಾಕಿ ಅದಾಳ, ಆಕಿಗೆ ಕೆಲಸ ಕೊಟ್ಟೆ."

ರೇಷ್ಮೆಯ ಲಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ನಡೆದೆ. ಪಡಸಾಲೆಯಲ್ಲಿ ಅವಳು ಕುಳಿತಿದ್ದಳು. ಪರದೆಯ ಮೇಲೆ ಸಣ್ಣ ಚಕ್ರ ತಿರುಗುತ್ತಿತ್ತು, ತೊಡೆಯ ಮೇಲೆ ಹಾಳೆ, ಕೈಯಲ್ಲಿ ಪೆನ್ಸಿಲ್ಲು. ಮಷಿನ್ನು ಮಾಡಲಾರದ್ದನ್ನು ಅವಳು ಕೈಯಿಂದ ಮಾಡುತ್ತಿದ್ದಳು. ಮೂರು ತಿಂಗಳಿಂದ ನನ್ನ ಕಣ್ಣ ಮುಂದೆಯೇ. ಟ್ರಂಕಿನ ಹಿಂದೆ ಅಂಥ ಹಾಳೆಗಳ ದೊಡ್ಡ ಪೆಂಡಿಯೇ ಇತ್ತು.

ನನಗ್ಯಾಕ ಹೇಳಲಿಲ್ಲ ಎಂದು ಕೇಳಿದೆ. ದನಿ ಏರಿತ್ತು ನನ್ನದು, ಅವಳ ಮೇಲಲ್ಲ. ಅವಳು ಪೆನ್ಸಿಲ್ಲನ್ನು ಹಾಳೆಯ ಮೇಲೆ ಇಟ್ಟು ಹೇಳಿದಳು.

"ನೀ ದಿನಾ ಮುಂಜಾನೆ ಅದರ ಗುಂಡಿ ಒತ್ತಿ, 'ಎದ್ದಿಯೇನವ್ವಾ' ಅಂತಿ ಆಯಿ. ಹೆಂಗ ಹೇಳ್ಲಿ?"

ಅದು ಯಾರಿಗೂ ಕೇಳಿಸದು ಎಂದುಕೊಂಡಿದ್ದೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ಓಣಿಯ ಒಬ್ಬಾಕೆ ಮೊನ್ನೆ ಕೇಳಿದಳು, ಹಳೆಯ ಅಗ್ಗದ ಪ್ರೊಸೆಸರ್ ಸಿಗುತ್ತದಂತೆ, ತಗೊಳ್ಳಬಹುದೇ, ನಿನಗೆ ಗೊತ್ತಲ್ಲ ಎಂದು. ತಗೋ ಎಂದೆ, ಬರೀ ಅರ್ಜಿ, ಬಿಲ್ಲು, ಮಕ್ಕಳ ಪಾಠಕ್ಕಾದರೆ ಧಾರಾಳವಾಗಿ ತಗೋ, ನಿನ್ನ ಬೋರ್ಡಿಗೆ ಕೂರುತ್ತದೋ ನೋಡಿಸು, ಕಾಲು ಸೊಟ್ಟಗಿದ್ದರೆ ನನ್ನ ಹತ್ತಿರ ತಾ. ನಮ್ಮ ಹಳೆಯ ಪ್ರೊಸೆಸರಿನ ತಪ್ಪೇನೂ ಇರಲಿಲ್ಲ. ಅದು ಮಾಡುತ್ತೇನೆ ಎಂದ ಕೆಲಸವನ್ನು ಮಾಡಿತು. ಅದರ ಮೇಲೆ ನನ್ನ ಮಗಳನ್ನು ಹೊರಿಸಿದವಳು ನಾನು, ಆ ಹೊರೆ ಬಿದ್ದದ್ದು ಮೊಮ್ಮಗಳ ಕೈಯ ಮೇಲೆ.

ಸಾಹುಕಾರರ ಮಾತು ಕೇಳಿದ ಮರುವಾರ ಮತ್ತೆ ಕೌದಿ, ಮತ್ತೆ ಬಸ್ಸು. ಈ ಸಲ ಕಂಡಕ್ಟರು ಬೇರೆ, ಯಾರೂ ಏನೂ ಕೇಳಲಿಲ್ಲ. ಅಂಗಡಿಯವರು, ನಾ ಅಂದಿರಲಿಲ್ಲವೇ ಎಂಬ ಮಾತನ್ನು ಆಡಲಿಲ್ಲ, ಅದಕ್ಕೆ ಅವರಿಗೆ ಪುಣ್ಯ ಬರಲಿ. ಮೊಮ್ಮಗಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, ನನ್ನ ಮುಖ ಅವಳಿಗೆ ಕಾಣದ ಹಾಗೆ ಕಪಾಟಿನ ಕಡೆ ತಿರುಗಿ.

"ಎಲ್ಲಾ ಹೊಸಾದು ಹಾಕ್ರಿ. ಇದನ್ನ ನೀವ ಇಟಗೊಳ್ರಿ."

ಅಂಗಡಿಯವರು ತಿರುಪು ಬಿಚ್ಚತೊಡಗಿದರು. ಹಿಂದಿನಿಂದ ಒಂದು ಸದ್ದು ಬಂತು. ಮೊಮ್ಮಗಳು ಸ್ಟೂಲಿನ ಮೇಲೆ ಕೂತು, ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಅವ್ವಾ, ಅವ್ವಾ ಎಂದು, ಸಣ್ಣ ಹುಡುಗಿಯಂತೆ. ಅವ್ವನ ಮಣ್ಣಿನ ದಿನವೂ ಅವಳು ನನ್ನ ಮುಂದೆ ಹಾಗೆ ಅತ್ತಿರಲಿಲ್ಲ. ಆ ದಿನ ಅವಳೇ ನನ್ನನ್ನು ಹಿಡಿದುಕೊಂಡಿದ್ದಳು. ಹುಡುಗಿ ಗಟ್ಟಿ ಇದ್ದಾಳೆ ಎಂದು ಎರಡು ವರ್ಷ ಎಲ್ಲರ ಹತ್ತಿರ ಹೊಗಳಿಕೊಂಡು ತಿರುಗಿದ್ದೆ. ಮಗಳನ್ನು ಕಳೆದುಕೊಂಡವಳು ನಾನೊಬ್ಬಳೇ ಎಂಬಂತೆ.

ಅವಳ ತಲೆಯನ್ನು ನನ್ನ ಹೊಟ್ಟೆಗೆ ಒರಗಿಸಿಕೊಂಡು ನಿಂತೆ. ಅಂಗಡಿಯವರು ಕೈಯಲ್ಲಿದ್ದುದನ್ನು ಕೆಳಗಿಟ್ಟು, ನಮ್ಮ ಕಡೆ ನೋಡದೆ, ಬಾಗಿಲ ಹೊರಗೆ ಹೋಗಿ ನಿಂತರು. ಅಳು, ಕೂಸೇ, ಎಂದೆ. ಅವಳು ಬಹಳ ಹೊತ್ತು ಅತ್ತಳು.